ಗಾಡಿ ಕೇಳಿದ ಹೆಸರು

ಹೆಸರು ಇರುವುದೇ ಕರೆಯುವುದಕ್ಕೆ ಎಂದು ಎಲ್ಲರೂ ತಿಳಿದುಕೊಂಡಿದ್ದಾರೆ. ಕರೆಯದೆ ಇರುವುದಕ್ಕೂ ಒಂದು ಹೆಸರು ಬೇಕಾಗುತ್ತದೆ ಎನ್ನುವುದು ನಮ್ಮ ಕಾಲದಲ್ಲಿ ಮದುವೆಯಾದ ಹೆಂಗಸರಿಗೆ ಮಾತ್ರ ಗೊತ್ತು. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಿದರೆ ಅವನ ಆಯಸ್ಸು ಒಂದಿಷ್ಟು ಸವೆಯುತ್ತದೆ ಎಂದು ನಮ್ಮ ಸೀಮೆಯಲ್ಲಿ ಹೇಳುತ್ತಿದ್ದರು. ಈಗಿನ ಹುಡುಗಿಯರು ಸಂತೆಯ ನಡುವೆಯೂ ಗಂಡನನ್ನು ಹೆಸರು ಹಿಡಿದು ಕೂಗುತ್ತಾರೆ. ಆ ಗಂಡಂದಿರೆಲ್ಲ ಗುಂಡುಕಲ್ಲಿನಂತೆ ಗಟ್ಟಿಯಾಗಿದ್ದಾರೆ. ನಾನು ಹತ್ತನೆಯ ತರಗತಿ ಪಾಸು ಮಾಡಿದವಳು, ಪುರವರದ ಅಂಗನವಾಡಿಯಲ್ಲಿ ಮಕ್ಕಳಿಗೆ ಕಾಗೆ ಗುಬ್ಬಿಯ ಪದ ಹೇಳಿಕೊಡುವವಳು. ಇದನ್ನೆಲ್ಲ ನಂಬುತ್ತೀಯಾ ಎಂದು ಕೇಳಿದರೆ ಇಲ್ಲ ಎನ್ನುತ್ತೇನೆ. ಆದರೂ ಇಷ್ಟು ವರ್ಷದ ಸಂಸಾರದಲ್ಲಿ ಒಂದು ಸಲವೂ ಅವರ ಹೆಸರು ಹೇಳಲಿಲ್ಲ. ನಂಬಿಕೆ ಇಲ್ಲದಿದ್ದರೂ ಸುಮ್ಮನೆ ಏಕೆ ಅಪಾಯ ಎಂದು.

ಹೋದ ವರ್ಷ, ನಾನು ಹೆಸರು ಹೇಳದೆಯೇ, ಅವರು ಹೊರಟುಹೋದರು. ಎದೆ ಹಿಡಿದುಕೊಂಡಿದೆ ಎಂದು ನಮ್ಮ ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ಕುಳಿತವರು ಮತ್ತೆ ಏಳಲಿಲ್ಲ. ಇನ್ನು ಸವೆಯುವುದಕ್ಕೆ ಆಯಸ್ಸೇ ಇಲ್ಲವಲ್ಲ, ಈಗ ಧಾರಾಳವಾಗಿ ಹೇಳಬಹುದಲ್ಲ ಎಂದು ನೀವು ಕೇಳಬಹುದು. ನಾನೂ ನನ್ನನ್ನು ಕೇಳಿಕೊಂಡೆ. ಆದರೆ ಹೇಳಿಬಿಟ್ಟರೆ, ಇನ್ನು ಅವರಿಗೆ ಏನೂ ಆಗುವುದಕ್ಕಿಲ್ಲ ಎಂದು ನಾನೇ ಒಪ್ಪಿಕೊಂಡ ಹಾಗೆ. ಹೇಳದೆ ಇರುವಷ್ಟು ದಿನ ಅವರು ಎಲ್ಲೋ ಹೊರಗೆ ಹೋಗಿದ್ದಾರೆ, ಅಷ್ಟೆ. ಈ ಏರ್ಪಾಡು ನನಗೆ ಚೆನ್ನಾಗಿಯೇ ನಡೆದಿತ್ತು. ಅದನ್ನು ಕೆಡಿಸಿದ್ದು ಮನುಷ್ಯರಲ್ಲ, ಒಂದು ಕರೆಂಟ್ ಬೈಕು.

ಹೆಸರು ಹೇಳದೆ ಬದುಕುವುದು ನೀವು ತಿಳಿದಷ್ಟು ಕಷ್ಟವಲ್ಲ. ನಮ್ಮಜ್ಜಿಯ ಗಂಡನ ಹೆಸರು ಕಲ್ಲಪ್ಪ. ಹಾಗಾಗಿ ಅಜ್ಜಿ ಜೀವನವಿಡೀ ಕಲ್ಲು ಎನ್ನುವ ಮಾತನ್ನೇ ಆಡಲಿಲ್ಲ. ಅಕ್ಕಿಯಲ್ಲಿ ಸಿಕ್ಕರೆ "ಹಲ್ಲಿಗೆ ಸಿಕ್ಕೋದು" ಎನ್ನುತ್ತಿದ್ದಳು. ದಾರಿಯಲ್ಲಿ ಎಡವಿದರೆ "ಅಯ್ಯೋ, ನಿಮ್ಮ ತಾತ ಕಾಲಿಗೆ ಅಡ್ಡ ಬಂದ್ರು" ಎಂದು ಕೂತುಬಿಡುತ್ತಿದ್ದಳು. ನನಗೆ ಅಷ್ಟು ತೊಂದರೆ ಬರಲಿಲ್ಲ. ಮನೆಯಲ್ಲಿ "ರೀ" ಎಂದರೆ ಸಾಕಿತ್ತು. ಅವರೂ ನನ್ನ ಹೆಸರು ಹಿಡಿಯುತ್ತಿರಲಿಲ್ಲ. "ಏ ಇವಳೇ" ಎಂದರೆ ನಾನು. ಆಸ್ಪತ್ರೆ, ಬ್ಯಾಂಕು, ತಾಲ್ಲೂಕು ಕಚೇರಿಗಳಲ್ಲಿ "ಗಂಡನ ಹೆಸರೇನಮ್ಮ?" ಎಂದರೆ ಆಧಾರ್ ಕಾರ್ಡನ್ನು ಕಿಟಕಿಯೊಳಗೆ ತಳ್ಳುತ್ತಿದ್ದೆ. ಅವರು ಹೋದ ಮೇಲೂ ಇದೇ ಕಾರ್ಡು ಕಾಪಾಡಿತು. ಗ್ಯಾಸು, ಮನೆ ಕಂದಾಯ, ಗಿರಣಿಯ ಮೀಟರು, ಒಂದೊಂದನ್ನೂ ಅವರ ಹೆಸರಿನಿಂದ ಬಿಡಿಸಿ ನನ್ನ ಹೆಸರಿಗೆ ಮಾಡಿಸುವಾಗ ಕಾರ್ಡು ತಳ್ಳುತ್ತಾ ಹೋದೆ. ನನಗೆ ಮಾತು ಬರುವುದಿಲ್ಲವೆಂದು ತಿಳಿದು ಒಬ್ಬ ಗುಮಾಸ್ತರು ಕೈಸನ್ನೆಯಲ್ಲೇ ಸಹಿ ಎಲ್ಲಿ ಹಾಕಬೇಕೆಂದು ತೋರಿಸಿದರು. ಅವರಿಗೆ ಬೇಜಾರಾಗಬಾರದೆಂದು ನಾನೂ ಕೈಸನ್ನೆಯಲ್ಲೇ ವಂದನೆ ಹೇಳಿ ಬಂದೆ.

ಈಗ ಬೈಕಿನ ವಿಚಾರ. ಅದು ಅವರೇ ಆಸೆಪಟ್ಟು ಮುಂಗಡ ಕಟ್ಟಿದ್ದ ಗಾಡಿ. ಮಧುಗಿರಿಯಲ್ಲಿ ಅಂಥ ಬೈಕು ಇನ್ನೂ ಅಪರೂಪ. ರಾಗಿ ಬೀಸಿಸಿಕೊಳ್ಳಲು ಬಂದವರೆಲ್ಲ ಸರದಿ ಬರುವವರೆಗೆ ಅದರ ವಿಷಯವನ್ನೇ ಮಾತಾಡುತ್ತಿದ್ದರು. ಒಬ್ಬರೂ ಒಳ್ಳೆಯ ಮಾತಾಡಲಿಲ್ಲ. "ದಾರೀಲಿ ಕರೆಂಟ್ ಹೋದ್ರೆ ಏನ್ಮಾಡ್ತೀಯಣ್ಣ?" ಎಂದು ಒಬ್ಬ ಕೇಳಿದರೆ ಇವರು, "ಬಿಂದಿಗೇಲಿ ನೀರು ತುಂಬ್ಕಂಡು ಹೋದಂಗೆ ಕಣ್ಲಾ. ನಲ್ಲಿ ನಿಂತೋಯ್ತು ಅಂತ ಬಿಂದಿಗೆ ನೀರು ಇಂಗೋಯ್ತದಾ?" ಎನ್ನುತ್ತಿದ್ದರು. "ಚನ್ನರಾಯನದುರ್ಗದ ಏರು ಹತ್ತುತ್ತಾ ಇದು?" ಎಂದು ಇನ್ನೊಬ್ಬ. "ನೀನು ಹತ್ತೀಯಾ? ಮೊದ್ಲು ಅದು ಹೇಳು" ಎಂದು ಇವರು. ಎಲ್ಲರಿಗಿಂತ ಹೆಚ್ಚು ವಿರೋಧ ಮಾಡಿದವರು ಶಿರಾದ ಬಾಷಾ. ನಮ್ಮ ಹಳೆಯ ಪೆಟ್ರೋಲ್ ಬೈಕಿಗೂ ಗಿರಣಿಯ ಬೆಲ್ಟಿಗೂ ಅವರೇ ವೈದ್ಯರು. "ಅಣ್ಣಾ, ಕಸಮ್ ಹೇಳ್ತೀನಿ, ಅದು ಗಾಡಿ ಅಲ್ಲ, ಮೊಬೈಲ್‌ಗೆ ಚಕ್ರ ಹಾಕವ್ರೆ. ಕೆಟ್ರೆ ನನ್ನತ್ರ ಬರ್ಬೇಡಿ, ರೀಚಾರ್ಜ್ ಅಂಗಡಿಗೆ ಹೋಗಿ" ಎಂದು ಮುನಿಸಿಕೊಂಡರು. ಇವರು ಗಿರಣಿಯ ಮೋಟಾರನ್ನು ತೋರಿಸಿ, "ಬಾಷಾ, ನಮ್ಮಪ್ಪನ ಕಾಲದಿಂದ ಊರಿಗೆಲ್ಲಾ ಹಿಟ್ಟು ಮಾಡಿ ಹಾಕ್ತಾ ಐತೆ. ಒಂದಿನ ಆದ್ರೂ ಪೆಟ್ರೋಲ್ ಕೇಳೈತಾ?" ಎಂದರು. ಬಾಷಾ ಬಹಳ ಹೊತ್ತು ಮೋಟಾರನ್ನು ನೋಡಿದರು. "ಅದು ಊರು ಬಿಟ್ಟು ಹೋಗಲ್ಲವಲ್ಲಣ್ಣ" ಎಂದರು.

ನಾನು ಯಾವ ಕಡೆಗೂ ಸೇರಿರಲಿಲ್ಲ. ದಿನಾ ಹಿಂದಿನ ಸೀಟಿನಲ್ಲಿ ಕುಳಿತು ಪುರವರಕ್ಕೆ ಹೋಗಿಬರುವವಳಿಗೆ ಮುಂದೆ ಎಣ್ಣೆ ಉರಿದರೇನು, ಕರೆಂಟು ಉರಿದರೇನು? ಮುಂಗಡ ಕಟ್ಟಿದ ಮೇಲೆ ಇವರು ಮೊಬೈಲಿನಲ್ಲಿ ತಮ್ಮ ಹೆಸರು, ಊರು ಎಲ್ಲ ತುಂಬಿ, ಗಾಡಿ ಇನ್ನೂ ಕಾರ್ಖಾನೆಯಲ್ಲಿರುವಾಗಲೇ ಅದರ ಚಿತ್ರವನ್ನು ಅತ್ತೆಗೆ ತೋರಿಸುತ್ತಿದ್ದರು. ಗಾಡಿ ಬಂದಾಗ ಅವರಿರಲಿಲ್ಲ. ಮೈದುನ ಶಿವಣ್ಣ ಅದನ್ನು ಬೇಡವೆಂದು ವಾಪಸು ಮಾಡುವುದರಲ್ಲಿದ್ದ. ಅತ್ತೆ ಬಾಗಿಲಿಗೆ ಅಡ್ಡ ನಿಂತು, "ನಾ ಕೊಡುಕು ಬಯಸಿದ್ದು. ಮನೆಗೆ ಬಂದದ್ದನ್ನ ಬೀದಿಗೆ ಅಟ್ಟಬೇಡ" ಎಂದರು. ಅತ್ತೆಯ ತವರು ಆಂಧ್ರದ ಗಡಿಗೆ ಅಂಟಿಕೊಂಡ ಪಾವಗಡ ಸೀಮೆಯ ನಾಗಲಮಡಿಕೆ. ದುಃಖವಾದಾಗಲೂ ಕೋಪ ಬಂದಾಗಲೂ ಅವರ ಮಗ ತೆಲುಗಿನ ಕೊಡುಕು ಆಗಿಬಿಡುತ್ತಾನೆ. ಕಾಗದಪತ್ರಗಳನ್ನು ನನ್ನ ಹೆಸರಿಗೆ ಮಾಡಿಕೊಟ್ಟರು. ಗಾಡಿಯ ಹೊಟ್ಟೆಯೊಳಗೆ ಮಾತ್ರ ಅವರ ಹೆಸರೇ ಉಳಿಯಿತು.

ಮೊದಲ ದಿನ ಅವರ ಮೊಬೈಲನ್ನು ಸೆರಗಿನಲ್ಲಿ ಕಟ್ಟಿಕೊಂಡು ಗಾಡಿಯ ಹತ್ತಿರ ಹೋದೆ. ಕೈ ತಾಗಿಸಿರಲಿಲ್ಲ, ಕೀಲಿ ಹಾಕಿರಲಿಲ್ಲ, ಅದಕ್ಕೆ ಕೀಲಿಯೇ ಇಲ್ಲ, ಹತ್ತಿರ ಬಂದ ಮೊಬೈಲೇ ಕೀಲಿ. ಆದರೂ ಮಲಗಿದ್ದ ಹಸು ಹಿಂಡಿಯ ವಾಸನೆಗೆ ಕಣ್ಣು ಬಿಟ್ಟಂತೆ ದೀಪ ಬಿಟ್ಟಿತು. ಮಕ್ಕಳ ಸ್ಲೇಟಿನಷ್ಟಗಲದ ಪರದೆಯ ಮೇಲೆ ಕನ್ನಡದಲ್ಲಿ, ದುಂಡಗಿನ ಅಕ್ಷರದಲ್ಲಿ, "ನಮಸ್ಕಾರ" ಎಂದು ಬಂತು. ಅದರ ಮುಂದೆ ಅವರ ಹೆಸರು. ನಾನು ನಿಂತಲ್ಲೇ ನಿಂತೆ. ಊರಿನ ಎಲ್ಲ ಕಾಗದಗಳಿಂದಲೂ ಅವರನ್ನು ಬಿಡಿಸಿ ಬಂದಿದ್ದೆ. ಇಲ್ಲೊಬ್ಬರು ಅವರಿಗಾಗಿ ಕಾದು ಕುಳಿತಿದ್ದರು.

ಅಲ್ಲಿಂದ ನನಗೆ ಆ ಗಾಡಿಯ ಮೇಲೆ ಒಂದು ಬಗೆಯ ಭಕ್ತಿ ಹುಟ್ಟಿತು. ಮೊದಲೇ ಮೊಪೆಡ್ ಓಡಿಸಿ ಲೈಸೆನ್ಸ್ ಇದ್ದವಳಾದ್ದರಿಂದ, ಚೂಡಿದಾರ್ ಹಾಕಿಕೊಂಡು ಗಿರಣಿಯ ಹಿಂದಿನ ಬಯಲಿನಲ್ಲಿ ಕಲಿತೆ. ಗೇರಿಲ್ಲ, ಕ್ಲಚ್ಚಿಲ್ಲ, ಒದೆಯುವುದಿಲ್ಲ. ನನ್ನ ತೂಕಕ್ಕೆ ಹಿಂದಕ್ಕೆ ತಳ್ಳಲಾಗದೆ ಒದ್ದಾಡುತ್ತಿದ್ದರೆ, ಗುಂಡಿ ಒತ್ತಿದ ಕೂಡಲೇ ತಾನೇ ವಿನಯದಿಂದ ಹಿಂದೆ ಸರಿಯಿತು. ನಮ್ಮ ಬೀದಿಯ ಕೊನೆಯ ಹುಣಸೆಮರದ ತಿರುವನ್ನೂ ಪರದೆಯ ಮೇಲೆ ಬರೆದು ತೋರಿಸಿತು. ಒಂದು ದಿನ ಹೋತವೊಂದು ಒರಗಿ ಗಾಡಿ ಬಿದ್ದರೆ, ಒಳಗೆ ಒಲೆಯ ಮುಂದಿದ್ದ ನನಗೆ ಮೊಬೈಲಿನಲ್ಲಿ ದೂರು ಬಂತು. ನಮ್ಮ ಮನೆಯಲ್ಲಿ ಮನುಷ್ಯರು ಬಿದ್ದರೂ ಇಷ್ಟು ಬೇಗ ಸುದ್ದಿ ಬರುವುದಿಲ್ಲ. ಎಲ್ಲಕ್ಕಿಂತ ಬೆರಗಾದದ್ದು ಇಳಿಜಾರಿನಲ್ಲಿ. ಏರು ಹತ್ತುವಾಗ ಖರ್ಚಾದ ಕರೆಂಟಿನಲ್ಲಿ ಸ್ವಲ್ಪವನ್ನು ಇಳಿಯುವಾಗ ಮತ್ತೆ ತುಂಬಿಕೊಳ್ಳುತ್ತದೆ. ಹೋದದ್ದರಲ್ಲಿ ಒಂದಿಷ್ಟಾದರೂ ಹಿಂದಕ್ಕೆ ಬರುತ್ತದೆ ಎನ್ನುವುದನ್ನು ನಾನು ಆ ವರ್ಷ ಕಂಡದ್ದು ಅಲ್ಲಿ ಮಾತ್ರ.

ಅತ್ತೆಗೆ ಹೆಮ್ಮೆ ಬೇರೆ ಕಾರಣಕ್ಕೆ. ಪಾವಗಡದ ಕಡೆ ಬಯಲಿನ ತುಂಬ ಹಲಗೆ ಹಾಸಿ ಬಿಸಿಲಿನಿಂದ ಕರೆಂಟು ಮಾಡುತ್ತಾರಲ್ಲ, ಗಾಡಿಗೆ ಬರುವುದು ಆ ಕರೆಂಟೇ ಎಂದು ಅವರು ತೀರ್ಮಾನ ಮಾಡಿದ್ದಾರೆ. "ನಮ್ಮೂರ ಬಿಸಿಲಿಗೆ ನಿಮ್ಮ ಮಾವ ಬೈಯ್ದಿದ್ದೇ ಬೈಯ್ದಿದ್ದು. ಈಗ ನೋಡು, ಅದೇ ಬಿಸಿಲು ಬಂದು ನಿನ್ನ ಕೂರಿಸ್ಕಂಡು ಓಡಾಡಿಸ್ತಾ ಐತೆ" ಎಂದು ಚಾರ್ಜರಿಗೂ ಅರಿಶಿನ ಕುಂಕುಮ ಇಟ್ಟರು. ನಾನು ಎಲ್ಲಿಂದ ಬಂತೋ ಯಾರಿಗೆ ಗೊತ್ತು ಎನ್ನಲು ಹೋಗಿ ಸುಮ್ಮನಾದೆ. ಇಷ್ಟು ದೊಡ್ಡ ಬೆರಗಿನಲ್ಲಿ ಅತ್ತೆಯ ತವರಿಗೂ ಒಂದು ಪಾಲು ಇರಲಿ.

ತೊಂದರೆ ಎಂದರೆ ಅದಕ್ಕೆ ಸದ್ದಿಲ್ಲ. ಪುರವರದ ದಾರಿಯಲ್ಲಿ ಒಂದು ಬೆಳಿಗ್ಗೆ ಕುರಿಮಂದೆ ಅಡ್ಡ ಸಿಕ್ಕಿತು. ಪೆಟ್ರೋಲ್ ಬೈಕಿನ ಸದ್ದಿಗೆ ತಾವೇ ಸರಿಯುವ ಕುರಿಗಳು ನನ್ನನ್ನು ಲೆಕ್ಕಕ್ಕೇ ಇಡಲಿಲ್ಲ. ಹಾರನ್ ಹಾಕಲು ಧೈರ್ಯ ಬರಲಿಲ್ಲ. ಮೆಲ್ಲಗೆ ನಡುವೆ ತೂರಿಸುತ್ತಾ ಹೋದೆ. ಬೆನ್ನು ತಿರುಗಿಸಿ ಬೀಡಿ ಹಚ್ಚುತ್ತಿದ್ದ ಕುರಿಗಾಹಿ ಪಕ್ಕದಲ್ಲಿ ನನ್ನನ್ನು ಕಂಡು ಹೌಹಾರಿ, "ಎಲಾ ಇದ್ರವ್ವನ! ಯಾರಮ್ಮಾ ನೀನು, ದೆವ್ವ ಬಂದಂಗೆ ಬಂದ್ಬುಟ್ಟೆ!" ಎಂದ. "ಸದ್ದು ಬರಲ್ಲ ಕಣಪ್ಪ ಇದು" ಎಂದೆ. ಅವನು ಗಾಡಿಯನ್ನು ಸುತ್ತಿ ಬಂದು ನೋಡಿದ. "ಹೊಗೆ ಇಲ್ಲ, ಸದ್ದಿಲ್ಲ. ಇನ್ನೇನ್ ಬಂತಮ್ಮಾ ಗಾಡಿ ಇಟ್ಕಂಡು? ಯಾರಿಗ್ ಗೊತ್ತಾಯ್ತದೆ ನಿನ್ನತ್ರ ಗಾಡಿ ಐತೆ ಅಂತ?" ಎಂದ. ಗಾಡಿ ಕೊಳ್ಳುವವರ ಮನಸ್ಸನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು ಎಂದು ಅಂಗನವಾಡಿ ಮುಟ್ಟುವವರೆಗೂ ನಗುತ್ತಾ ಹೋದೆ. ಅವರು ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಹೀಗೆ ನಾನೂ ಗಾಡಿಯೂ ಹೊಂದಿಕೊಂಡಿದ್ದಾಗ, ಕಾರ್ಖಾನೆಯವರು ಗಾಡಿಗೆ ಇನ್ನಷ್ಟು ಬುದ್ಧಿ ಕಲಿಸಿದರು. ರಾತ್ರಿ ಚಾರ್ಜಿಗೆ ಹಾಕಿದ್ದ ಗಾಡಿ ಬೆಳಗಾಗುವಷ್ಟರಲ್ಲಿ ಹೊಸದನ್ನು ಕಲಿತಿತ್ತು. ಹತ್ತಿರ ಹೋದರೆ ದೀಪ ಬಿಟ್ಟಿತು, ಆದರೆ ಹೊರಡಲಿಲ್ಲ. ಬದಲಿಗೆ ಒಬ್ಬ ಹೆಣ್ಣುಮಗಳ ದನಿಯಲ್ಲಿ, "ನಿಮ್ಮ ಗಾಡಿಯ ಸುರಕ್ಷತೆಗಾಗಿ, ನೋಂದಾಯಿತ ಹೆಸರನ್ನು ನಿಮ್ಮ ದನಿಯಲ್ಲಿ ಹೇಳಿ" ಎಂದಿತು.

ನಾನು ಬೀದಿಯ ಎರಡೂ ಕಡೆ ನೋಡಿದೆ. ಆಮೇಲೆ ಏನು ಮಾಡಿದೆನೆಂದು ಹೇಳಲು ನಾಚಿಕೆಯಾಗುತ್ತದೆ. ಚೀಲದಿಂದ ಆಧಾರ್ ಕಾರ್ಡು ತೆಗೆದು ಪರದೆಯ ಮುಂದೆ ಹಿಡಿದೆ. ಇಷ್ಟು ಬುದ್ಧಿ ಇರುವುದಕ್ಕೆ ಓದಲು ಬರದೇ ಇರುತ್ತದೆಯೇ? ಅದು ಮತ್ತೆ, "ದಯವಿಟ್ಟು ಹೆಸರು ಹೇಳಿ" ಎಂದಿತು. "ನಮ್ಮನೆಯೋರು" ಎಂದೆ ಮೆಲ್ಲಗೆ. "ಕ್ಷಮಿಸಿ, ಆ ಹೆಸರಿನ ಸವಾರರು ಇಲ್ಲ" ಎಂದಿತು. "ಗಿರಣಿಯೋರು" ಎಂದೆ. ಇಲ್ಲ ಎಂದಿತು. "ಶಿವಣ್ಣನ ಅಣ್ಣ" ಎಂದೆ. ಇಲ್ಲ. "ರೀ" ಎಂದೆ, ಇನ್ನೇನೂ ತೋಚದೆ. ಅದು ಸ್ವಲ್ಪ ಹೊತ್ತು ಯೋಚಿಸಿದಂತೆ ಕಂಡಿತು. ನನಗೆ ಆಸೆಯಾಯಿತು. ಆಮೇಲೆ ಅದೇ ಮೃದುವಾದ ದನಿಯಲ್ಲಿ, "ಕ್ಷಮಿಸಿ, ಆ ಹೆಸರಿನ ಸವಾರರು ಇಲ್ಲ" ಎಂದಿತು. ಅಂದು ಬಸ್ಸಿನಲ್ಲಿ ಹೋದೆ.

ಶಿವಣ್ಣ ಬಂದು ನೋಡಿ, "ಅತ್ತಿಗೆ, ನಾನು ಹೇಳ್ಬೋದು. ಆದ್ರೆ ಯಾರು ಹೇಳ್ತಾರೋ ಅವರ ದನಿಗೇ ಗಾಡಿ ಒಗ್ಗೋಗ್ತದೆ. ಆಮೇಲೆ ದಿನಾ ಬೆಳಿಗ್ಗೆ ಗಿರಣಿ ಬಿಟ್ಟು ನಾನೇ ಬಂದು ಎಬ್ಬಿಸ್ಬೇಕು" ಎಂದ. ಹಾಗಾದರೆ ನನ್ನ ಹೆಸರಿಗೇ ಬದಲಾಯಿಸು ಎಂದೆ. "ಅದಕ್ಕೂ ಮೊದ್ಲು ಹಳೇ ಹೆಸ್ರನ್ನ ಓಡ್ಸೋರೇ ಹೇಳ್ಬೇಕಂತೆ" ಎಂದ. ನಾನು ದಿನಾ ಬಸ್ಸಿಗೆ ಹೋಗತೊಡಗಿದೆ. ಗಾಡಿ ಮಾತ್ರ ನಾನು ಬಾಗಿಲು ದಾಟಿದಾಗಲೆಲ್ಲ ದೀಪ ಬಿಟ್ಟು, ನಮಸ್ಕಾರ ತೋರಿಸಿ, ಹೆಸರು ಕೇಳುತ್ತಿತ್ತು. ನನಗೆ ಅದರ ಕಣ್ಣು ತಪ್ಪಿಸಿ ಓಡಾಡುವಂತಾಯಿತು. ಸಾಲ ಕೊಟ್ಟವರಿಗೂ ನಾನು ಹೀಗೆ ಹೆದರಿದವಳಲ್ಲ.

ಕೊನೆಗೆ ಶಿವಣ್ಣ ಗಾಡಿ ಮಾರಿದ ಅಂಗಡಿಗೆ ಫೋನು ಮಾಡಿದ. ಅವರು, ಅದಕ್ಕೇನಂತೆ, ನಾವು ಒಯ್ದು ಒಳಗಿರುವುದನ್ನೆಲ್ಲ ಅಳಿಸಿ ಹೊಸದಾಗಿ ಮಾಡಿಕೊಡುತ್ತೇವೆ ಎಂದರಂತೆ. ಮಾರನೆಯ ಬೆಳಿಗ್ಗೆ ಟೆಂಪೋ ಬಂದು ಬಾಗಿಲಲ್ಲಿ ನಿಂತಿತು. ಡ್ರೈವರು ಹಿಂದಿನ ಹಲಗೆ ಇಳಿಸಿದ. ಒಳಗೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದ ಅತ್ತೆ ಹೊರಗೆ ಬಂದು, "ಏನು ಅಳಿಸ್ತಾರಂತೆ?" ಎಂದು ಕೇಳಿದರು. ಶಿವಣ್ಣ ನೆಲ ನೋಡುತ್ತಾ, "ಅಣ್ಣನ ಹೆಸ್ರು, ಅಮ್ಮ" ಎಂದ.

ಅತ್ತೆ ಕೈಯಲ್ಲಿದ್ದ ಜರಡಿಯನ್ನು ಕೆಳಗಿಟ್ಟರು. ನನ್ನ ಕಡೆ ನೋಡಿದರು. ಆಗ ನನಗೆ ಹೊಳೆಯಿತು: ಅವರು ಹೋದಂದಿನಿಂದ ಅತ್ತೆಯೂ ಆ ಹೆಸರು ಹೇಳಿಲ್ಲ. ಹೆತ್ತವಳಿಗೆ ಯಾವ ನಿಷೇಧವೂ ಇರಲಿಲ್ಲ. ನಾನು ಹೇಳದೆ ಇಟ್ಟುಕೊಂಡಿದ್ದೇನೆ, ಅತ್ತೆ ಹೇಳಲಾರದೆ ಇಟ್ಟುಕೊಂಡಿದ್ದಾರೆ. ಇಬ್ಬರೂ ಸೇರಿ ಮನೆಯಲ್ಲಿ ಆ ಹೆಸರನ್ನು ಸದ್ದಿಲ್ಲದೆ ಮುಗಿಸುತ್ತಿದ್ದೇವೆ. ಇನ್ನು ಉಳಿದದ್ದು ಈ ಪರದೆಯ ಮೇಲೆ. ಅದೂ ಈಗ ಟೆಂಪೋ ಹತ್ತುತ್ತದೆ.

ನಾನು ಗಾಡಿಯ ಮುಂದೆ ಹೋಗಿ ನಿಂತೆ. ದೀಪ ಬಂತು, ನಮಸ್ಕಾರ ಬಂತು, ಪ್ರಶ್ನೆ ಬಂತು. ಕಣ್ಣು ಮುಚ್ಚಿ ಹೆಸರು ಹೇಳಿದೆ. ಆಕಾಶ ಬೀಳಲಿಲ್ಲ. ಗಾಡಿ, "ಸರಿಯಾಗಿ ಕೇಳಿಸಲಿಲ್ಲ. ಇನ್ನೂ ಜೋರಾಗಿ ಹೇಳಿ" ಎಂದಿತು. ಜೋರಾಗಿ ಹೇಳಿದೆ. "ಇನ್ನೊಮ್ಮೆ" ಎಂದಿತು. ಟೆಂಪೋದ ಇಂಜಿನ್ ಗಡಗಡ ಎನ್ನುತ್ತಿತ್ತು. ಅದನ್ನೂ ಮೀರಿಸಿ ಕೂಗಿದೆ. ಎದುರುಮನೆಯ ಕಿಟಕಿ ತೆರೆಯಿತು. ನಲ್ಲಿಯ ಹತ್ತಿರ ಬಿಂದಿಗೆಗಳು ನಿಂತವು. ಇಷ್ಟು ವರ್ಷ ಊಟಕ್ಕೆ ಕರೆಯಬೇಕಾದರೂ ಗಿರಣಿಯವರೆಗೆ ನಡೆದುಹೋಗಿ ಕೆಮ್ಮುತ್ತಿದ್ದವಳು, ನಡುಬೀದಿಯಲ್ಲಿ ನಿಂತು ಗಂಡನನ್ನು ಹೆಸರು ಹಿಡಿದು ಕೂಗುತ್ತಿದ್ದೆ.

ಅಷ್ಟರಲ್ಲಿ ನನ್ನ ಬೆನ್ನ ಹಿಂದಿನಿಂದ ಇನ್ನೊಂದು ಕೂಗು ಬಂತು. ಅತ್ತೆ. ಗಿರಣಿಯ ಸದ್ದನ್ನು ಸೀಳಿಕೊಂಡು ಹೋಗಿ ಮಗನಿಗೆ ಮುಟ್ಟುತ್ತಿದ್ದ ಹಳೆಯ ಕೂಗು, ಕೊನೆಯಕ್ಷರವನ್ನು ಎಳೆದು ಎಳೆದು. ಶಿವಣ್ಣ ಗಾಬರಿಯಾಗಿ, "ಅಮ್ಮಾ, ಸುಮ್ಕಿರು! ಗಾಡಿ ನಿನ್ನ ದನಿಗೆ ಒಗ್ಗೋಗ್ಬುಡ್ತದೆ!" ಎಂದ. ಗಾಡಿ ತುಂಬ ಮರ್ಯಾದೆಯಿಂದ, "ಎರಡು ದನಿಗಳು ಕೇಳಿಸುತ್ತಿವೆ. ದಯವಿಟ್ಟು ಒಬ್ಬರೇ ಕರೆಯಿರಿ" ಎಂದಿತು.

ಟೆಂಪೋದವನು ಇಂಜಿನ್ ಆರಿಸಿದ. ಅತ್ತೆ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡು ಹಿಂದೆ ಸರಿದರು. "ನೀನೇ ಕರಿ ಕಣಮ್ಮ. ನಾನು ಕರೆದ್ರೆ ಅವನು ಯಾವತ್ತು ಒಂದೇ ಕೂಗಿಗೆ ಬಂದವ್ನೆ?" ಎಂದರು.

ಕರೆದೆ. ಈ ಸಲ ಕೂಗಬೇಕಾಗಲಿಲ್ಲ. ಬೀದಿ ಅಷ್ಟು ಸುಮ್ಮನಾಗಿತ್ತು. ಗಾಡಿಯ ಮೈಯೊಳಗೆ ಎಲ್ಲೋ ಸಣ್ಣಗೆ ಒಂದು ಕಂಪನ ಓಡಿತು. ಪರದೆ ಹಸಿರಾಯಿತು. ಆ ಹೆಣ್ಣುದನಿ ಮೊದಲ ಸಲ ಅವರ ಹೆಸರನ್ನು ಬಾಯಿಬಿಟ್ಟು ಹೇಳಿ, "ಸ್ವಾಗತ. ಹೊರಡೋಣವೇ?" ಎಂದಿತು. ಅತ್ತೆ ಕೈಮುಗಿದರು. ಟೆಂಪೋದವನೂ ಏಕೋ ಟವೆಲು ತಲೆಯಿಂದ ತೆಗೆದ. ದೇವಸ್ಥಾನಗಳಲ್ಲಿ ಎಷ್ಟೋ ಮಂಗಳಾರತಿ ನೋಡಿದ್ದೇನೆ. ಅಂಥ ಮೌನ ಎಲ್ಲೂ ಕಂಡಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಶಿವಣ್ಣ, "ಈಗ ಬದ್ಲಾಯಿಸ್ಬೋದು ಅತ್ತಿಗೆ. ಜಯಮ್ಮ ಅಂತ ಹಾಕಣಾ?" ಎಂದ. ಇರಲಿ ಬಿಡು ಎಂದೆ. ಟೆಂಪೋ ಖಾಲಿಯಾಗಿಯೇ ಹೋಯಿತು.

ಈಗ ದಿನಾ ಬೆಳಿಗ್ಗೆ ಬೀದಿಯಲ್ಲಿ ನಿಂತು ಅವರನ್ನು ಕರೆಯುತ್ತೇನೆ, ಹೊರಡುತ್ತೇನೆ. ಅವರು ಬರುವುದಿಲ್ಲವೆಂದು ಈಗ ನನಗೆ ಗೊತ್ತು. ಕರೆದರೆ ಗೊತ್ತಾಗುತ್ತದೆ, ಕರೆಯದಿದ್ದರೆ ಗೊತ್ತಾಗುವುದಿಲ್ಲ. ಹೆಸರು ಮಾತ್ರ ಮನೆಗೆ ವಾಪಸು ಬಂದಿದೆ. ಅತ್ತೆ ಸಾರಿಗೆ ಉಪ್ಪು ಹಾಕುವಾಗಲೂ ಒಮ್ಮೊಮ್ಮೆ ಮಗನ ಹೆಸರು ಹೇಳಿ, ಅವನಿಗೆ ಇಷ್ಟು ಉಪ್ಪು ಸಾಲುತ್ತಿರಲಿಲ್ಲ ಎಂದು ಬೈಯುತ್ತಾರೆ.

ಎಲ್ಲ ಸರಿಹೋಯಿತು ಎನ್ನುವಾಗ ಮೊನ್ನೆ ಮೊಬೈಲಿಗೆ ಗಾಡಿಯಿಂದಲೇ ಒಂದು ವರದಿ ಬಂತು. ಅದರ ಲೆಕ್ಕದಲ್ಲಿ ಈಗ ನಾನೇ ಅವರು. ಅವರನ್ನು ಹೆಸರು ಹಿಡಿದು ಸಂಬೋಧಿಸಿ, "ನೀವು ಕಾರಣವಿಲ್ಲದೆ ಪದೇ ಪದೇ ಬ್ರೇಕ್ ಹಿಡಿಯುತ್ತೀರಿ. ತಿರುವುಗಳಲ್ಲಿ ಅಂಜುತ್ತೀರಿ. ನಿಮ್ಮ ಸವಾರಿ ತೃಪ್ತಿಕರವಾಗಿಲ್ಲ" ಎಂದು ಬರೆದಿತ್ತು. ಹಳೆಯ ಬೈಕಿನಲ್ಲಿ ಮಧುಗಿರಿಯಿಂದ ಕೊರಟಗೆರೆಗೆ ಬಸ್ಸುಗಳನ್ನು ಹಿಂದೆ ಹಾಕುತ್ತಿದ್ದ ಮನುಷ್ಯ! ಶಿವಣ್ಣ ಅದನ್ನು ಓದಿ ಹೇಳಿದಾಗ ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏಮಮ್ಮಾ, ನನ್ನ ಮಗನ ಮಾನ ಹಿಂಗ್ ಕಳ್ದುಬುಟ್ಟೆ?" ಎಂದರು. ಹೆಸರು ಹೇಳಿದರೆ ಗಂಡನಿಗೆ ಕೇಡಾಗುತ್ತದೆ ಎಂದು ಇಷ್ಟು ವರ್ಷ ನಾಲಿಗೆಯನ್ನು ಕಾಯುತ್ತಾ ಕುಳಿತಿದ್ದೆ. ಬ್ರೇಕಿನ ಮೇಲಿದ್ದ ಕಾಲನ್ನು ಕಾಯಬೇಕಾಗಿತ್ತು.